ಅತ್ತಿಕಾಯಿಯೊಳಗಿನ ಕಥೆ

ವಿನ್ಯಾಸ ಕಾಲೇಜುಗಳ ವರ್ಷಾಂತ್ಯದ ಪ್ರದರ್ಶನಗಳನ್ನು ನಾನು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಜೀವವೈವಿಧ್ಯ ಎಂಬ ವಿಷಯ ಕೊಟ್ಟ ಕಡೆಯೆಲ್ಲ ಒಂದೇ ಬಗೆಯ ಭಿತ್ತಿಚಿತ್ರ ಎದುರಾಗುತ್ತದೆ. ಹುಲಿ, ಆನೆ, ಮಂಗಟ್ಟೆ, ಕಪ್ಪೆ, ಚಿಟ್ಟೆ ಎಲ್ಲವೂ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಕೆಳಗೆ ‘ಉಳಿಸಿ’ ಎಂಬ ಘೋಷಣೆ. ಗೆರೆ ಚೆನ್ನಾಗಿರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ಆದರೆ ಆ ಜೀವಿಗಳಿಗೆ ಒಂದಕ್ಕೊಂದು ಏನು ನಂಟು ಎಂಬುದು ಎಲ್ಲೂ ಕಾಣುವುದಿಲ್ಲ. ನಂಟು ಕಾಣಿಸಬೇಕಾದರೆ ಕಥೆ ಬೇಕು.

ಈ ಸಲ ಬೆಂಗಳೂರಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಮಡಿಕೆ ಪುಸ್ತಕದ ಮುಂದೆ ಬಹಳ ಹೊತ್ತು ನಿಂತೆ. ಅವಳು ಆರಿಸಿಕೊಂಡದ್ದು ಅತ್ತಿಮರವನ್ನು, ಅದರ ಕಣಜವನ್ನು. ಅತ್ತಿಹಣ್ಣು ಬಿಚ್ಚಿದರೆ ಹುಳ ಎಂದು ನಮ್ಮ ಗಾದೆ ಮುಖ ತಿರುಗಿಸುತ್ತದೆ. ಈ ಹುಡುಗಿ ಅಲ್ಲಿಂದಲೇ ಕಥೆ ಶುರುಮಾಡಿದ್ದಾಳೆ.

ಅತ್ತಿಯ ಹೂಗಳೆಲ್ಲ ಕಾಯಿಯ ಒಳಗೇ ಇರುತ್ತವೆ. ತುದಿಯ ಸಣ್ಣ ಕಂಡಿಯಲ್ಲಿ ಹೆಣ್ಣು ಕಣಜ ನುಗ್ಗುತ್ತದೆ; ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಹರಿದು ಹೊರಗೇ ಉಳಿಯುತ್ತವೆ. ಒಳಗೆ ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ ಅದು ಸಾಯುತ್ತದೆ. ಪುಸ್ತಕದ ಈ ಪುಟದಲ್ಲಿ ಒಂದು ಪುಟ್ಟ ತೂತು ಕತ್ತರಿಸಿದೆ. ಕಣಜದ ಮೈ ಮುಂದಿನ ಪುಟಕ್ಕೆ ದಾಟಿದೆ, ರೆಕ್ಕೆ ಹಿಂದಿನ ಪುಟದಲ್ಲೇ ಬಿದ್ದಿದೆ. ಒಂದು ಮಾತೂ ಬರೆದಿಲ್ಲ. ಬೇಕಾಗಿಯೂ ಇಲ್ಲ. ನಾನು ಮೆಚ್ಚುವ ವಿನ್ಯಾಸ ಇಂಥದ್ದು.

ಮುಂದಿನ ಪುಟಗಳು ಅಚ್ಚ ಕಪ್ಪು. ರೆಕ್ಕೆಯಿಲ್ಲದ ಗಂಡುಗಳು ಮೊದಲು ಹುಟ್ಟಿ, ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಅಲ್ಲಿಗೆ ಅವುಗಳ ಆಯುಷ್ಯ ಮುಗಿಯಿತು. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಲ್ಲಿ ಹಾರಿಹೋಗುತ್ತವೆ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಹದಕ್ಕೆ ಬರುವುದರಿಂದ, ಒಂದೆರಡು ದಿನದ ಆ ಬಾಳಿನಲ್ಲಿ ವಾಸನೆ ಹಿಡಿದು ಬೇರೊಂದು ಮರ ಹುಡುಕಲೇಬೇಕು. ಇಲ್ಲಿ ಪುಸ್ತಕ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ: ರಸ್ತೆ, ಮೇಲ್ಸೇತುವೆ, ಕಡಿದ ಬುಡಗಳು, ನಡುವೆ ಚುಕ್ಕೆಯಷ್ಟು ಕಣಜ. ರಸ್ತೆ ಅಗಲಿಸಲು ಒಂದು ಅತ್ತಿಮರ ಕಡಿದರೆ ಎರಡು ಮರಗಳ ನಡುವಿನ ದೂರ ಎಷ್ಟು ಹೆಚ್ಚುತ್ತದೆಂದು ಮಡಿಕೆಯನ್ನು ಎಳೆಯುವ ಕೈಗೇ ಗೊತ್ತಾಗುತ್ತದೆ. ಆ ಹಣ್ಣನ್ನು ನಂಬಿರುವ ಕುಟುರ, ಅಳಿಲು, ಬಾವಲಿ, ಮಂಗಗಳು ಕೊನೆಯ ಪುಟದಲ್ಲಿ ಬರುತ್ತವೆ. ಅಷ್ಟು ಹೊತ್ತಿಗೆ ಅವು ಯಾಕೆ ಬಂದವೆಂದು ನಮಗೆ ತಿಳಿದಿರುತ್ತದೆ.

ಎರಡು ತಕರಾರಿವೆ. ಕಣಜಕ್ಕೆ ಹೆಸರಿಟ್ಟು, ಕಣ್ರೆಪ್ಪೆ ಬರೆದು ಮುದ್ದು ಮಾಡಿದ್ದು ಸರಿಯಲ್ಲ. ಅದರ ಬದುಕೇ ಬೇಕಾದಷ್ಟು ರೋಚಕವಾಗಿದೆ. ಇನ್ನೊಂದು, ಹೊರಗಿನಿಂದಲೇ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆಯಿಡುವ ಬೇರೆ ಕಣಜಗಳನ್ನೂ ಅವುಗಳನ್ನು ಹಿಡಿಯುವ ಇರುವೆಗಳನ್ನೂ ಬಿಟ್ಟುಬಿಟ್ಟಿದ್ದಾಳೆ. ಕಥೆಗೆ ಖಳನಾಯಕರು ಸಿಕ್ಕಿದ್ದರು! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿ, ಕಣಜ, ಇರುವೆಗಳ ಮೇಲೆ ವರ್ಷಗಟ್ಟಲೆ ಅಧ್ಯಯನ ನಡೆಸಿದೆ. ಬೆಂಗಳೂರಿನ ವಿದ್ಯಾರ್ಥಿಗೆ ಇದು ಒಂದು ಬಸ್ಸಿನ ದೂರ.

ಒಂದೇ ಜೀವಿಯ ಬೆನ್ನು ಹತ್ತಿ ಕಥೆ ಹೇಳುವುದು ಕನ್ನಡಕ್ಕೆ ಹೊಸದೇನಲ್ಲ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಬಂದದ್ದು 1980ರಲ್ಲಿ. ಹಾರುವ ಓತಿಯೊಂದರ ಹುಡುಕಾಟದಲ್ಲೇ ಇಡೀ ಮಲೆನಾಡು ಅದರಲ್ಲಿ ಬಂತು. ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ಚಿತ್ರ ಬರೆಯುವವರೂ ಆ ದಾರಿ ಹಿಡಿಯಬಹುದು.

ವಿನ್ಯಾಸ ಕಲಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷ ‘ಜೀವವೈವಿಧ್ಯ’ ಎಂದು ವಿಷಯ ಕೊಡಬೇಡಿ. ಪ್ರತಿ ವಿದ್ಯಾರ್ಥಿಗೂ ಕಾಲೇಜಿನ ಆಸುಪಾಸಿನ ಒಂದೊಂದು ಮರ ಕೊಡಿ. ಮೊದಲ ತಿಂಗಳು ಕಂಪ್ಯೂಟರ್ ಮುಟ್ಟಲು ಬಿಡದೆ ಅದರ ಬುಡದಲ್ಲಿ ಕೂರಿಸಿ.