ಪೊಟ್ಟಣದ ಮೇಲಿನ ಉಪ್ಪಿನ ಲೆಕ್ಕ

ಅಧಿಕ ರಕ್ತದೊತ್ತಡ ಇರುವವರಿಗೆ ವೈದ್ಯರು ಹೇಳುವ ಮೊದಲ ಮಾತು ‘ಉಪ್ಪು ಕಡಿಮೆ ಮಾಡಿ’. ಸೋಡಿಯಂ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ರಕ್ತದ ಗಾತ್ರ ಹೆಚ್ಚಿ ನಾಳಗಳ ಮೇಲಿನ ಒತ್ತಡ ಏರುತ್ತದೆ. ಸಲಹೆ ಸರಿ. ಆದರೆ ಮನೆಯಲ್ಲಿ ಸಾರಿನ ಉಪ್ಪು ಕಡಿಮೆ ಮಾಡಿದವರೇ ಸಂಜೆ ಚಹಾದೊಂದಿಗೆ ಖಾರದ ಪೊಟ್ಟಣ ಒಡೆಯುವುದನ್ನು ನೀವು ಕಂಡಿರಬಹುದು. ಇದಕ್ಕೆ ಅವರನ್ನಷ್ಟೇ ದೂರುವುದು ನ್ಯಾಯವಲ್ಲ.

ಆಳಂದ, ಅಫಜಲಪುರ ಅಥವಾ ಜೇವರ್ಗಿಯ ಯಾವುದಾದರೂ ಅಂಗಡಿಯಲ್ಲಿ ಇಂಥ ಪೊಟ್ಟಣವನ್ನು ತಿರುಗಿಸಿ ನೋಡಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳಂತೆ ಅಲ್ಲಿ ಸೋಡಿಯಂ ಪ್ರಮಾಣ ಇರಲೇಬೇಕು. ಇದು ಮೆಚ್ಚತಕ್ಕ ಕ್ರಮ. ಆದರೆ ಮೂರು ಕೊರತೆಗಳಿವೆ.

ಮೊದಲನೆಯದು ಭಾಷೆ. ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಎರಡನೆಯದು, ವೈದ್ಯರು ಹೇಳಿದ್ದು ಉಪ್ಪು, ಕೋಷ್ಟಕದಲ್ಲಿರುವುದು ಸೋಡಿಯಂ. ಸೋಡಿಯಂನ ಪರಮಾಣು ರಾಶಿ 23, ಕ್ಲೋರಿನ್‌ನದು 35.5, ಒಟ್ಟು 58.5. ಆದ್ದರಿಂದ ಸೋಡಿಯಂ ಅನ್ನು ಸುಮಾರು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ದಿನದ ಮಿತಿ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಸುಮಾರು ಒಂದು ಟೀ ಚಮಚ.

ಮೂರನೆಯದು ಅಳತೆ. 100 ಗ್ರಾಂ ತಿಂಡಿಯಲ್ಲಿ 800 ಮಿಲಿಗ್ರಾಂ ಸೋಡಿಯಂ ಇದೆಯೆನ್ನೋಣ. ಒಂದು ಸಲಕ್ಕೆ 20 ಗ್ರಾಂ ಎಂದು ಬರೆದರೆ ಅದು 160 ಮಿಲಿಗ್ರಾಂ, ದಿನದ ಮಿತಿಯ ಶೇ. 8 ಮಾತ್ರ. ಆದರೆ 60 ಗ್ರಾಂ ಪೊಟ್ಟಣವನ್ನು ಒಮ್ಮೆಗೇ ಮುಗಿಸಿದವರಿಗೆ ಸೇರಿದ್ದು 480 ಮಿಲಿಗ್ರಾಂ, ಅಂದರೆ 1.2 ಗ್ರಾಂ ಉಪ್ಪು. ದಿನದ ಪಾಲಿನ ಸುಮಾರು ಕಾಲು ಭಾಗ! ನಾಲಿಗೆಯನ್ನು ನಂಬುವಂತೆಯೂ ಇಲ್ಲ. ಸಿಹಿ ಬಿಸ್ಕತ್ತಿನಲ್ಲೂ ಅಡುಗೆ ಸೋಡಾದ ಮೂಲಕ ಸೋಡಿಯಂ ಸೇರಿರುತ್ತದೆ.

ಹಾಗೆಂದು ಮನೆಯ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ನಿರ್ದೋಷಿಗಳಲ್ಲ. ಅವುಗಳ ಮೇಲೆ ಕೋಷ್ಟಕವೂ ಇರುವುದಿಲ್ಲ.

ನಮ್ಮ ಬೋಧನೆಯೂ ಈ ಟೀಕೆಗೆ ಹೊರತಲ್ಲ. ಸೋಡಿಯಂ ಕ್ಲೋರೈಡಿನ ರಾಶಿ 58.5 ಎಂದು ಬರೆಯಿಸಿ ಅಂಕ ಕೊಡುತ್ತೇವೆ. ಆ ಸಂಖ್ಯೆಯ ಉಪಯೋಗ ಹೇಳುವುದಿಲ್ಲ. ಶಿಕ್ಷಕರೇ, ಮುಂದಿನ ಪಾಠಕ್ಕೆ ಖಾಲಿ ಪೊಟ್ಟಣಗಳನ್ನು ತರಿಸಿ, ಪ್ರತಿಯೊಂದರ ಉಪ್ಪನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಕನ್ನಡದಲ್ಲಿ, ‘ಇಡೀ ಪೊಟ್ಟಣದಲ್ಲಿ ಇಷ್ಟು ಗ್ರಾಂ ಉಪ್ಪು’ ಎಂದು ಮುಂಬದಿಯಲ್ಲೇ ಅಚ್ಚಾಗುವವರೆಗೆ, ಮನೆಯ ಹಿರಿಯರಿಗೆ ಅದನ್ನು ಓದಿ ಹೇಳಬೇಕಾದವರು ಆ ಮಕ್ಕಳೇ.