ಊರ ಪ್ರೆಸ್ಸು, ಪೇಟೆಯ ಅಂಗಡಿ: ಬಿಡಿ ಮುದ್ರಣದ ವಿಮರ್ಶೆ

ಪುಸ್ತಕವೂ ಅಲ್ಲದ, ನಿಯತಕಾಲಿಕವೂ ಅಲ್ಲದ ಬಿಡಿ ಮುದ್ರಣಕ್ಕೆ ಪ್ರೆಸ್ಸಿನವರು ಜಾಬ್ ವರ್ಕ್ ಎನ್ನುತ್ತಾರೆ. ಲಗ್ನಪತ್ರಿಕೆ, ಬಿಲ್ ಬುಕ್, ದೇಣಿಗೆಯ ಪಾವತಿ ಪುಸ್ತಕ, ಲೆಟರ್‌ಹೆಡ್, ಜಾತ್ರೆಯ ಹ್ಯಾಂಡ್‌ಬಿಲ್, ಶಿವಗಣಾರಾಧನೆಯ ಕಾರ್ಡು, ಸೀರೆ ಡಬ್ಬಿಯ ಮೇಲಿನ ಚೀಟಿ ಎಲ್ಲವೂ ಇದರಲ್ಲಿ ಸೇರುತ್ತವೆ. ಬಾಗಲಕೋಟೆ, ಶಿರೂರು, ಕಮತಗಿ, ಅಮೀನಗಡ, ಹುನಗುಂದ, ಇಳಕಲ್ಲ, ಗುಳೇದಗುಡ್ಡ, ಬಾದಾಮಿಗಳ ಸೀಮೆಯಲ್ಲಿ ಈ ಕೆಲಸ ನಡೆಯುವುದು ಎರಡು ಕೋಣೆಯ ಸಣ್ಣ ಪ್ರೆಸ್ಸುಗಳಲ್ಲಿ. ಮುಂದಿನ ಕೋಣೆಯಲ್ಲಿ ಕಾರ್ಡಿನ ನಮೂನೆಗಳು, ನೋಟ್‌ಬುಕ್ಕು, ಪೆನ್ನು, ಗೋಂದು. ಹಿಂದಿನ ಕೋಣೆಯಲ್ಲಿ ಯಂತ್ರ. ಗಿರಾಕಿಗಳೂ ಇವರಂತೆ ಸ್ವಂತ ಬಂಡವಾಳದ ಅಂಗಡಿಕಾರರೇ: ಖಣದ ವ್ಯಾಪಾರಿ, ಕರದಂಟಿನವರು, ಬೀಜ-ಗೊಬ್ಬರದವರು, ಸರಾಫರು. ಶಿರೂರಿನಂಥ ದೊಡ್ಡ ಊರಿನ ಮನೆಯಲ್ಲಿ ಲಗ್ನ ಗಟ್ಟಿಯಾದರೆ ಪತ್ರಿಕೆಯ ಕೆಲಸ ಬಾಗಲಕೋಟೆಗೋ ಗುಳೇದಗುಡ್ಡಕ್ಕೋ ಹೋಗಬಹುದು. ಎಲ್ಲಿಗೆ ಹೋದರೂ ಮನೆಯವರಿಗೆ ಗುರುತಿದ್ದ ಪ್ರೆಸ್ಸಿಗೇ ಹೋಗುತ್ತದೆ.

ಕನ್ನಡದಲ್ಲಿ ಮುದ್ರಣದ ಚರಿತ್ರೆ ಬರೆದವರು ಹೆಚ್ಚಾಗಿ ಗ್ರಂಥಗಳನ್ನೇ ನೋಡಿದ್ದಾರೆ. 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವುಗಳಿಗೆ ಸಿಕ್ಕ ಗಮನ ಬಿಡಿ ಹಾಳೆಗಳಿಗೆ ಸಿಕ್ಕಿಲ್ಲ. ಉತ್ತರ ಕರ್ನಾಟಕದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರೇ ಇದೆ. ಅಲ್ಲಿಯ ಶಾಬಾದಿಮಠ ಬುಕ್ ಡಿಪೋದಂಥ ಪ್ರಕಾಶಕರು ಪುರಾಣ, ಬಯಲಾಟದ ಪುಸ್ತಕಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಬಾಗಲಕೋಟೆ 1997ರವರೆಗೆ ಸೇರಿದ್ದ ವಿಜಾಪುರ ಜಿಲ್ಲೆಯಲ್ಲಿ ವಚನ ಸಂಪಾದಕ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ವಚನಗಳು ಅಚ್ಚಾಗಿ ಮನೆಮನೆಗೆ ಬಂದದ್ದು ಇಂಥ ಪುಟ್ಟ ಪ್ರೆಸ್ಸಿನ ಬಲದಿಂದ. ಆ ಪುಸ್ತಕಗಳನ್ನು ಕಾದಿಟ್ಟಂತೆ ಅದೇ ಕಾಲದ ಲಗ್ನಪತ್ರಿಕೆ, ಪಾವತಿಗಳನ್ನು ಯಾರೂ ಕಾದಿಡಲಿಲ್ಲ. ಒಂದು ಊರಿನ ಜನ ಹೇಗೆ ಕರೆದರು, ಹೇಗೆ ಕೊಟ್ಟು ತೆಗೆದುಕೊಂಡರು ಎಂಬುದರ ದಾಖಲೆ ಹೀಗೆ ರದ್ದಿಗೆ ಹೋಯಿತು. ಇದು ದೊಡ್ಡ ನಷ್ಟ.

ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಈ ಕೆಲಸಕ್ಕೆ ಮಿತಿಗಳು ಬಹಳ ಇದ್ದವು. ಕನ್ನಡಕ್ಕೆ ಮೂಲ ಅಕ್ಷರಗಳ ಮೊಳೆಯಷ್ಟೇ ಸಾಲದು. ಗುಣಿತಕ್ಕೆ, ಒತ್ತಿಗೆ, ಅರ್ಕಾವತ್ತಿಗೆ ಬೇರೆ ಬೇರೆ ಮೊಳೆ ಬೇಕು. ಕಂಪೋಸಿಟರ್ ಒಂದೊಂದೇ ಮೊಳೆಯನ್ನು ಕೇಸಿನಿಂದ ತೆಗೆದು ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಜೋಡಿಸಿ, ಗ್ಯಾಲಿಗೆ ಇಳಿಸಿ, ದಾರ ಸುತ್ತಿ, ಪ್ರೂಫ್ ತೆಗೆದು, ಚೌಕಟ್ಟಿನಲ್ಲಿ ಬಿಗಿದು ಟ್ರೆಡಲ್‌ಗೆ ಏರಿಸಬೇಕಿತ್ತು. ಕಾಲಿನಿಂದ ತುಳಿಯುವ ಟ್ರೆಡಲ್, ಆಮೇಲೆ ಮೋಟಾರು ಕೂಡಿಸಿದ್ದು, ಒಂದು ಸಲಕ್ಕೆ ಒಂದೇ ಹಾಳೆ ಒತ್ತುತ್ತಿತ್ತು. ಎರಡನೇ ಬಣ್ಣ ಬೇಕೆಂದರೆ ರೋಲರ್ ತೊಳೆದು ಅದೇ ಹಾಳೆಯನ್ನು ಮತ್ತೊಮ್ಮೆ ಹಾಯಿಸಬೇಕು. ಪ್ರೆಸ್ಸಿನಲ್ಲಿ ಇರುತ್ತಿದ್ದದ್ದು ಎರಡು ಮೂರು ಅಳತೆಯ ಅಕ್ಷರ, ನಾಲ್ಕಾರು ಬಾರ್ಡರು, ಗಣಪತಿ-ಬಸವಣ್ಣನ ಬ್ಲಾಕು. ಈ ಬಡತನವೇ ಆ ಕಾಲದ ಕೆಲಸಕ್ಕೆ ಒಂದು ಶಿಸ್ತು ಕೊಟ್ಟಿತು: ದೇವರ ಹೆಸರು ದೊಡ್ಡದು, ವಧೂವರರ ಹೆಸರು ಅದಕ್ಕಿಂತ ಒಂದು ಅಳತೆ ಚಿಕ್ಕದು, ಉಳಿದದ್ದೆಲ್ಲ ಒಂದೇ ಸಮ, ಸುತ್ತ ಬಿಳಿ ಜಾಗ. ಸವೆದ ಮೊಳೆ, ಮುರಿದ ಒತ್ತು ಇದ್ದರೂ ಆ ಹಾಳೆ ಓದಲು ಕಷ್ಟವಾಗುತ್ತಿರಲಿಲ್ಲ.

ಈ ಬಗೆಯ ಮುದ್ರಣದಲ್ಲಿ ಎಲ್ಲಕ್ಕಿಂತ ಹೆಚ್ಚು ವಿಚಾರಕ್ಕೆ ಅರ್ಹವಾದದ್ದು ಲಗ್ನಪತ್ರಿಕೆ. ಈ ಸೀಮೆಯ ಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಒಂದು ಮನೆತನದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ತುದಿಯಲ್ಲಿ ಮನೆದೇವರು ‘ಪ್ರಸನ್ನ’: ಬನಶಂಕರಿ, ವೀರಭದ್ರೇಶ್ವರ, ಬಸವೇಶ್ವರ, ಯಾವುದು ಆ ಮನೆಯದೋ ಅದು. ಕೆಳಗೆ ಮಠದ ಗುರುಗಳ ಹೆಸರು. ಆಮೇಲೆ ಶಾಲಿವಾಹನ ಶಕೆ, ಸಂವತ್ಸರ, ಮಾಸ, ತಿಥಿ, ವಾರ. ಅದರ ಹಿಂದೆಯೇ ಇಂಗ್ಲಿಷ್ ತಾರೀಖು. ‘ಚಿ.’ ಮತ್ತು ‘ಚಿ.ಕುಂ.ಸೌ.’ ಎಂದು ಎರಡು ಹೆಸರು, ಎರಡರ ಕೆಳಗೂ ಅಜ್ಜ, ತಂದೆ-ತಾಯಿ, ಊರು. ನಂತರ ಅಕ್ಷತಾರೋಪಣದ ಮುಹೂರ್ತ, ಲಗ್ನದ ಸ್ಥಳ. ಅಲ್ಲಿಗೆ ಮುಗಿಯಿತೆನ್ನುವಾಗ ‘ಸುಖಾಗಮನ ಬಯಸುವವರು’ ಶುರುವಾಗುತ್ತಾರೆ: ದೊಡ್ಡಪ್ಪಂದಿರು, ಕಾಕಂದಿರು, ಮಾಮಂದಿರು, ಅಳಿಯಂದಿರು, ಕೊನೆಗೆ ‘ಬಂಧು-ಬಳಗದವರು’. ತೀರಾ ಕೆಳಗೆ, ಮನೆಯ ಚಿಕ್ಕ ಮಕ್ಕಳ ಬಾಯಲ್ಲಿ, ನಮ್ಮ ಕಾಕಾನ ಲಗ್ನಕ್ಕ ತಪ್ಪದ ಬರ್ರಿ ಎಂಬ ಕರೆ, ಆ ಮಕ್ಕಳ ಹೆಸರುಗಳೊಂದಿಗೆ. ಮನೆತನಕ್ಕೆ ಅಂಗಡಿಯಿದ್ದರೆ ಅದರ ಹೆಸರೂ ಒಂದು ಮೂಲೆಯಲ್ಲಿ.

ನಗರದ ಕಣ್ಣಿಗೆ ಇದು ಅತಿಯಾದ ಹೆಸರಿನ ರಾಶಿ. ಆ ಟೀಕೆ ಸರಿಯಲ್ಲ. ಹೆಸರಿನ ಪಟ್ಟಿ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ಪತ್ರಿಕೆ ಹಿಡಿದು ಬಂದವರು ಬೀಗರ ಊರಿನಲ್ಲಿ ಯಾರ ಕಡೆಯವರು ಎಂದು ತಿಳಿಯುವುದು ಆ ಪಟ್ಟಿಯಿಂದ, ಯಾರ ಮನೆಗೆ ಮುಯ್ಯಿ ಸಲ್ಲಬೇಕು ಎಂದು ನೆನಪಾಗುವುದೂ ಅದರಿಂದ. ಮೇಲೆ ಪಂಚಾಂಗದ ಗಂಭೀರ ಸಂಸ್ಕೃತಮಯ ಭಾಷೆ, ಕೆಳಗೆ ಮನೆಯ ಬಾಗಿಲಲ್ಲಿ ನಿಂತು ಕರೆದಂಥ ಆಡುಮಾತು: ಎರಡನ್ನೂ ಒಂದೇ ಹಾಳೆಯಲ್ಲಿ ಇಷ್ಟು ಸಹಜವಾಗಿ ಕೂಡಿಸಿದ ಬರವಣಿಗೆ ಅಪರೂಪ. ಇದನ್ನು ಯಾವ ಕವಿಯೂ ಬರೆದುಕೊಟ್ಟಿಲ್ಲ. ಮನೆಯ ಹಿರಿಯರೂ ಪ್ರೆಸ್ಸಿನವರೂ ತಲೆಮಾರುಗಳ ಕಾಲ ಕೂತು ತಿದ್ದಿ ತಿದ್ದಿ ಮಾಡಿದ್ದು.

ಒಳ್ಳೆಯ ಪ್ರೆಸ್ಸಿಗೂ ಸಾಧಾರಣ ಪ್ರೆಸ್ಸಿಗೂ ಇರುವ ಅಂತರ ಗೊತ್ತಾಗುವುದು ಪ್ರೂಫಿನಲ್ಲಿ. ಕೈಬರಹದ ಕರಡು ಬಂದಾಗ ಕಾಗುಣಿತ ತಿದ್ದುವವರು ಅನೇಕರು. ಹಿರಿಯ ಕಾಕಾನ ಹೆಸರು ಕಿರಿಯನ ಕೆಳಗೆ ಬಂದಿದೆಯಲ್ಲ, ತೀರಿಕೊಂಡ ಅಜ್ಜನ ಹೆಸರಿನ ಹಿಂದೆ ‘ಲಿಂ.’ ಬಿಟ್ಟುಹೋಗಿದೆಯಲ್ಲ, ಈ ತಾರೀಖಿಗೆ ಬರೆದ ವಾರ ಹೊಂದುವುದಿಲ್ಲವಲ್ಲ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆ ಕೇಳಬೇಕಾದರೆ ಗಿರಾಕಿಯ ಮನೆ ಗೊತ್ತಿರಬೇಕು, ಪಕ್ಕದಲ್ಲಿ ಪಂಚಾಂಗವೂ ಇರಬೇಕು. ಸಣ್ಣ ಪ್ರೆಸ್ಸಿನ ನಿಜವಾದ ಕಸುಬು ಇದು. ಶಾಯಿ, ಕಾಗದ, ಯಂತ್ರ ಎಲ್ಲಿಯಾದರೂ ಸಿಕ್ಕೀತು. ಈ ತಿಳಿವಳಿಕೆ ದೂರದ ಊರಿನಿಂದ ತರಿಸಲು ಬರುವುದಿಲ್ಲ.

ಕಾರ್ಡಿನ ರೂಪದ ಬಗ್ಗೆ ಮಾತ್ರ ಇಷ್ಟು ಮೆಚ್ಚಿಗೆಯ ಮಾತು ಹೇಳಲಾಗದು. ಖಾಲಿ ಕಾರ್ಡುಗಳು ಬಹುಪಾಲು ಶಿವಕಾಶಿಯಂಥ ದೊಡ್ಡ ಕೇಂದ್ರಗಳಲ್ಲಿ ತಯಾರಾಗಿ ಸಗಟು ವ್ಯಾಪಾರಿಗಳ ಮೂಲಕ ಬರುತ್ತವೆ. ಊರ ಪ್ರೆಸ್ಸಿಗೆ ಉಳಿಯುವುದು ಒಳಗಿನ ಹಾಳೆಗೆ ಅಕ್ಷರ ಒತ್ತುವ ಕೆಲಸ. ಬಂಗಾರದ ಹಾಳೆಯ ನವಿಲು, ವೆಲ್ವೆಟ್ಟಿನ ಗಣಪತಿ, ಕತ್ತರಿಸಿದ ಕಿಟಕಿ ಇರುವ ಕಾರ್ಡು ತಮಿಳುನಾಡಿನಲ್ಲೂ ಮಹಾರಾಷ್ಟ್ರದಲ್ಲೂ ಒಂದೇ. ಅದರೊಳಗೆ ಮರೂನ್ ನೆಲದ ಮೇಲೆ ಬಂಗಾರದ ಬಣ್ಣದಲ್ಲಿ ಚಿಕ್ಕ ಅಕ್ಷರ ಹೊಡೆದರೆ ಮುದುಕರು ಬಿಸಿಲಿಗೆ ಹಿಡಿದು ಓದಬೇಕು. ಗಿರಾಕಿ ಹಣ ಕೊಡುವುದು ಹೊರಗಿನ ಹೊಳಪಿಗೆ, ಬಂಧುಗಳಿಗೆ ಬೇಕಾದದ್ದು ಒಳಗಿನ ಅಕ್ಷರ. ಅರಿಸಿನ-ಕುಂಕುಮವನ್ನು ನಾಲ್ಕೂ ಮೂಲೆಗೆ ಹಚ್ಚಿ ಮೊದಲ ಪತ್ರಿಕೆಯನ್ನು ದೇವರ ಮುಂದಿಡುವ ಪದ್ಧತಿಗೂ ಲ್ಯಾಮಿನೇಶನ್ ಮಾಡಿದ ನುಣುಪು ಕಾರ್ಡು ಒಗ್ಗುವುದಿಲ್ಲ; ಅದರ ಮೇಲೆ ಕುಂಕುಮ ನಿಲ್ಲದೆ ಜಾರುತ್ತದೆ. ಸಾದಾ ಒರಟು ಕಾಗದ, ಎರಡು ಬಣ್ಣ, ದಪ್ಪ ಅಕ್ಷರದ ಹಳೆಯ ನಮೂನೆ ಎಲ್ಲ ರೀತಿಯಿಂದಲೂ ಉತ್ತಮ. ಅಗ್ಗವೂ ಹೌದು.

ಬಿಲ್ ಬುಕ್ಕಿನಲ್ಲಿ ಪ್ರೆಸ್ಸಿನ ಕೆಲಸ ಇನ್ನೊಂದು ಬಗೆಯದು. ಇಲ್ಲಿ ಸೊಗಸಿಗಿಂತ ಲೆಕ್ಕ ಮುಖ್ಯ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನೋಂದಾಯಿತ ಸಣ್ಣ ಅಂಗಡಿಗಳ ಹಳೆಯ ಬಿಲ್ ಬುಕ್ಕುಗಳು ಒಮ್ಮೆಲೇ ನಿರುಪಯುಕ್ತವಾದವು. ಹೊಸದರಲ್ಲಿ ನೋಂದಣಿ ಸಂಖ್ಯೆ, ಅಗತ್ಯವಿದ್ದಲ್ಲಿ ಸರಕಿನ ಎಚ್‌ಎಸ್‌ಎನ್ ಕೋಡು, ಕೇಂದ್ರ ಮತ್ತು ರಾಜ್ಯದ ತೆರಿಗೆಗೆ ಬೇರೆ ಬೇರೆ ಅಂಕಣ, ಸರಕು ಸಾಗಿಸುವಾಗ ಮೂರು ಪ್ರತಿ: ಒಂದು ಕೊಂಡವರಿಗೆ, ಒಂದು ಸಾಗಿಸುವವರಿಗೆ, ಒಂದು ಮಾರಿದವರಿಗೆ. ಕಾಂಪೋಸಿಶನ್ ಯೋಜನೆಯಲ್ಲಿರುವ ಅಂಗಡಿಕಾರರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಅವರು ಕೊಡುವುದು ‘ಬಿಲ್ ಆಫ್ ಸಪ್ಲೈ’, ಅದರ ನೆತ್ತಿಯ ಮೇಲೆ ತಾವು ತೆರಿಗೆ ವಸೂಲಿಗೆ ಅರ್ಹರಲ್ಲ ಎಂಬ ಮಾತನ್ನು ಅಚ್ಚು ಹಾಕಿಸಲೇಬೇಕು. ಖಣದ ವ್ಯಾಪಾರಿ ತಾನು ಯಾವ ವರ್ಗದವನು, ಯಾವ ನಮೂನೆ ಬೇಕು ಎಂದು ತೆರಿಗೆ ಸಲಹೆಗಾರರಲ್ಲಿ ಕೇಳಿ ಬಂದರೂ, ಆ ಅಂಕಣಗಳನ್ನು ಡೆಮಿ ಹಾಳೆಯ ನಾಲ್ಕನೇ ಒಂದರಲ್ಲಿ, ಕೈಯಲ್ಲಿ ಬರೆಯುವಷ್ಟು ಅಗಲಕ್ಕೆ, ಹೊಂದಿಸಿ ಕೊಡಬೇಕಾದವರು ಪ್ರೆಸ್ಸಿನವರು.

ಒಳ್ಳೆಯ ಬಿಲ್ ಬುಕ್ಕನ್ನು ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. ಹರಿಯುವ ಹಾಳೆ ತೂತಿನ ಗೆರೆಯಲ್ಲೇ ಹರಿಯುತ್ತದೆ, ಅಡ್ಡಾದಿಡ್ಡಿ ಹೋಗುವುದಿಲ್ಲ. ಅನುಕ್ರಮ ಸಂಖ್ಯೆ ಎಲ್ಲ ಪ್ರತಿಗಳಲ್ಲೂ ಒಂದೇ ಇರುತ್ತದೆ. ವಿವರದ ಅಂಕಣ ಅಗಲ, ದರದ ಅಂಕಣ ಕಿರಿದು. ಬೆನ್ನಿಗೆ ಅಂಟಿಸಿದ ಬಟ್ಟೆಯ ಪಟ್ಟಿ ಕೊನೆಯ ಹಾಳೆಯವರೆಗೂ ಬಿಡುವುದಿಲ್ಲ. ಕೆಟ್ಟದ್ದರಲ್ಲಿ ಅಂಗಡಿಯ ಹೆಸರು ಮತ್ತು ದೇವರ ಚಿತ್ರ ಅರ್ಧ ಹಾಳೆ ನುಂಗಿ, ಬರೆಯಲು ಐದು ಗೆರೆ ಉಳಿದಿರುತ್ತದೆ.

ವಿಳಾಸದ ಸಾಲು ಕೂಡ ಈ ಜಿಲ್ಲೆಯಲ್ಲಿ ಚರಿತ್ರೆ ಹೇಳುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ, ಜನ ನವನಗರಕ್ಕೆ ಹೋದಾಗ ಪೇಟೆ, ಓಣಿ, ಚೌಕದ ಹೆಸರಿದ್ದ ವಿಳಾಸಗಳು ಸೆಕ್ಟರ್ ಸಂಖ್ಯೆಯಾದವು. ಹಳೆಯ ಮತ್ತು ಹೊಸ ಬಿಲ್ಲನ್ನು ಪಕ್ಕಪಕ್ಕ ಇಟ್ಟರೆ ಒಂದು ಪೇಟೆ ಎಲ್ಲಿಂದ ಎಲ್ಲಿಗೆ ಎದ್ದು ಹೋಯಿತೆಂದು ತಿಳಿಯುತ್ತದೆ. ಇಂಥ ಕಾಗದಗಳನ್ನು ಜಿಲ್ಲೆಯ ಗ್ರಂಥಾಲಯವೊಂದು ಸಂಗ್ರಹಿಸಲು ತೊಡಗಿದರೆ ತಡವೇನೂ ಆಗಿಲ್ಲ.

ಬಿಲ್ ಬುಕ್ಕಿನ ಜೊತೆಗೆ ನಿಲ್ಲುವುದು ಲೆಕ್ಕದ ಪುಸ್ತಕ. ಕಿರ್ದಿ ಮತ್ತು ಖತಾವಣಿ, ಕೆಂಪು ಬಟ್ಟೆಯ ಹೊದಿಕೆಯವು, ಸ್ಟೇಶನರಿ ಅಂಗಡಿಯಲ್ಲಿ ದೀಪಾವಳಿಯ ಮುಂಚೆ ಮಾರಾಟವಾಗುತ್ತವೆ. ಲಕ್ಷ್ಮೀಪೂಜೆಯ ದಿನ ಅಂಗಡಿಯಲ್ಲಿ ಹೊಸ ಪುಸ್ತಕದ ಮೊದಲ ಪುಟಕ್ಕೆ ಕುಂಕುಮ ಹಚ್ಚಿ ‘ಶ್ರೀ’ ಬರೆದು ಪೂಜಿಸುತ್ತಾರೆ. ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಇಡುವ ಅಂಗಡಿಯೂ ಪೂಜೆಗೆಂದು ಒಂದು ಪುಸ್ತಕ ಕೊಳ್ಳುವುದುಂಟು.

ಡಬ್ಬಿ ಮತ್ತು ಚೀಟಿಗಳ ವಿಷಯದಲ್ಲಿ ಈ ಸೀಮೆಯ ಮುದ್ರಣ ತನ್ನ ನೆರೆಹೊರೆಯನ್ನು ಮರೆತಿದೆ ಎಂದೇ ಹೇಳಬೇಕು. ಇಳಕಲ್ಲ ಸೀರೆಗೆ ಟೋಪ್ ತೆನಿ ಸೆರಗಿದೆ, ಚಿಕ್ಕಿ, ಗೋಮಿ, ಪರಾಸ ಅಂಚುಗಳಿವೆ. ಗುಳೇದಗುಡ್ಡದ ಖಣದಲ್ಲಿ ತೇರು ಹೂವು, ತೊಟ್ಟಿಲು ಹೂವು, ಆನೆ ಹೆಜ್ಜೆ ಇವೆ. ಎರಡು ಬಣ್ಣದಲ್ಲಿ, ಸರಳ ರೇಖೆಯಲ್ಲಿ, ಅತಿ ಅಗ್ಗದ ರಟ್ಟಿನ ಮೇಲೂ ಚೆನ್ನಾಗಿ ಮೂಡುವಂಥ ವಿನ್ಯಾಸಗಳು ಅವು. ಆದರೂ ಸೀರೆಯ ಡಬ್ಬಿಯ ಮೇಲೆ ಎಲ್ಲಿಯದೋ ರೂಪದರ್ಶಿಯ ಫೋಟೊ ಹಾಕುವ ರೂಢಿ ಬೆಳೆದಿದೆ, ಒಳಗಿನ ಸೀರೆಗೂ ಆ ಫೋಟೊದ ಸೀರೆಗೂ ಸಂಬಂಧ ಇಲ್ಲದಿದ್ದರೂ. ಕರದಂಟಿನ ಡಬ್ಬಿ ಇದಕ್ಕಿಂತ ಮೇಲು: ಊರಿನ ಹೆಸರು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಅಮೀನಗಡ ಎಂಬ ಹೆಸರೇ ಅಲ್ಲಿ ಮಾಲಿನ ಭರವಸೆ, ಆ ಹೆಸರನ್ನೇ ಮುಂದೆ ಮಾಡಿದ್ದು ಜಾಣತನ.

ಬೆಂಗಳೂರು, ಮುಂಬಯಿಗಳಲ್ಲಿ ಸ್ಟೇಶನರಿ ಸ್ಟುಡಿಯೊಗಳು ಹುಟ್ಟಿ, ಹಳೆಯ ಟ್ರೆಡಲ್ಲಿನ ಕೆಲಸವನ್ನು ದುಬಾರಿ ಕಸುಬಾಗಿ ಮಾರುತ್ತಿವೆ. ದಪ್ಪ ಹತ್ತಿ ಕಾಗದದ ಮೇಲೆ ಅಕ್ಷರ ಬೆರಳಿಗೆ ತಾಗುವಷ್ಟು ಆಳಕ್ಕೆ ಇಳಿದಿರುವುದು ಅವರ ಹೆಮ್ಮೆ. ಹಳೆಯ ಯಂತ್ರದವರಿಗೆ ಅದು ತಪ್ಪು ಕೆಲಸ. ಮೊಳೆ ಕಾಗದವನ್ನು ಮುಟ್ಟಿಯೂ ಮುಟ್ಟದಂತಿರಬೇಕು, ಬೆನ್ನಿಗೆ ಉಬ್ಬು ಬಂದರೆ ಒತ್ತಡ ಇಳಿಸಬೇಕು, ಇಲ್ಲದಿದ್ದರೆ ಮೊಳೆ ಸವೆಯುತ್ತದೆ. ಸ್ಟುಡಿಯೊಗಳಿಂದ ಕಲಿಯಬೇಕಾದದ್ದು ಆ ಆಳದ ಅಚ್ಚಲ್ಲ, ಕಾಗದದ ಮೇಲಿನ ಅಕ್ಕರೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇರುವ ರಾಜ್ಯದಲ್ಲಿ, ತೆಳ್ಳನೆಯ ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ದಪ್ಪ ತೋರಿಸುವುದಕ್ಕಿಂತ ಒಳ್ಳೆಯ ಸಾದಾ ಮ್ಯಾಪ್‌ಲಿಥೋ ಹಾಳೆಯನ್ನೇ ಆರಿಸುವುದು ಲೇಸು.

ಅಕ್ಷರದ ರೂಪವೇ ಇವತ್ತಿನ ದೊಡ್ಡ ಕೊರತೆ. ಆಫ್‌ಸೆಟ್ ಮತ್ತು ಡಿಟಿಪಿ ಬಂದ ಮೇಲೆ ಬರಹ, ನುಡಿ, ಶ್ರೀಲಿಪಿ ತಂತ್ರಾಂಶಗಳು ಮೊಳೆಯ ಕೇಸನ್ನು ಹೊರಗೆ ಹಾಕಿದವು. ಅವು ದೊಡ್ಡ ಉಪಕಾರ ಮಾಡಿವೆ. ಆದರೆ ಒಂದೇ ಅಕ್ಷರವನ್ನು ಅಗಲಕ್ಕೂ ಎತ್ತರಕ್ಕೂ ಎಳೆದು, ನೆರಳು ಕೊಟ್ಟು, ಬಣ್ಣ ತುಂಬಿ, ಅದನ್ನೇ ಶೀರ್ಷಿಕೆಗೂ ಬಳಸುವ ಚಟ ಅಂಟಿಕೊಂಡಿತು. ಎತ್ತರಕ್ಕೆ ಎಳೆದ ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಈಗ ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಹುಬ್ಬಳ್ಳಿ ಎಂಬ ಹೆಸರಿನವು ಸೇರಿ ಹಲವು ಒಳ್ಳೆಯ ಯುನಿಕೋಡ್ ಅಕ್ಷರಗಳು ಪುಕ್ಕಟೆ ಸಿಗುತ್ತವೆ. ಊರ ಪ್ರೆಸ್ಸು ಅವನ್ನು ಮುಟ್ಟದಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಹಳೆಯ ಪೇಜ್‌ಮೇಕರ್ ತಂತ್ರಾಂಶ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ, ಮತ್ತು ಪ್ರೆಸ್ಸಿನ ಕಂಪ್ಯೂಟರಿನಲ್ಲಿ ವರ್ಷಾನುಗಟ್ಟಲೆಯ ಫೈಲುಗಳು ಹಳೆಯ ಅಕ್ಷರದಲ್ಲೇ ಕೂತಿವೆ. ಅಣ್ಣನ ಲಗ್ನದ ಪತ್ರಿಕೆ ತೆಗೆದು ತಮ್ಮನದಕ್ಕೆ ತಿದ್ದುವುದು ದಿನನಿತ್ಯದ ಕೆಲಸ. ಬಿಲ್ ಬುಕ್ಕು, ಪಾವತಿಗಳನ್ನು ಹಳೆಯ ಫೈಲಿನಲ್ಲೇ ಬಿಟ್ಟು, ಹೊಸ ಮನೆಗಳ ಲಗ್ನಪತ್ರಿಕೆಯಿಂದ ಯುನಿಕೋಡಿಗೆ ತೊಡಗಿದರೆ ಬದಲಾವಣೆಯ ಭಾರ ಹಗುರ. ಪತ್ರಿಕೆಯನ್ನು ವಾಟ್ಸ್‌ಆ್ಯಪಿಗೆ ಚಿತ್ರವಾಗಿಯೂ ಕೊಡಿ ಎಂದು ಕೇಳುವ ಗಿರಾಕಿಗೆ, ಈ ಒಳ್ಳೆಯ ಅಕ್ಷರಗಳಿಂದ ಕಾಕಂದಿರ ಹೆಸರಿನ ಸಾಲು ಫೋನಿನ ಪರದೆಯಲ್ಲೂ ಓದಲು ಬರುವಂತೆ ಮಾಡಿಕೊಡಬಹುದು.