ಮಳೆಗೆ ಮುಂಚೆಯೋ, ಚಳಿಗೆ ಮುಂಚೆಯೋ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಪೋಸ್ಟರು ಓಡಾಡತೊಡಗುತ್ತದೆ. ಚಳಿಗಾಲ ಹತ್ತಿರವಾಯಿತು, ಹಿರಿಯ ನಾಗರಿಕರಿಗೆ ಫ್ಲೂ ಲಸಿಕೆ ಶಿಬಿರ, ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿಗೆ ಬನ್ನಿ. ಚಿತ್ರದಲ್ಲಿ ಉಣ್ಣೆಯ ಮಫ್ಲರು ಸುತ್ತಿಕೊಂಡ ಅಜ್ಜ, ಅವರ ಹಿಂದೆ ಎಲೆಯುದುರಿದ ಮರಗಳು. ಆ ಮರಗಳು ನಮ್ಮ ಕಡೆಯವಲ್ಲ. ನನ್ನ ತಕರಾರು ಆ ಚಿತ್ರದಿಂದಲೇ ಶುರುವಾಗುತ್ತದೆ. ಶಿಬಿರದವರ ಉದ್ದೇಶ ಒಳ್ಳೆಯದು, ಲಸಿಕೆಯೂ ಒಳ್ಳೆಯದು. ತಿಂಗಳು ಮಾತ್ರ ಪರದೇಶದ್ದು.

ಅಮೆರಿಕ, ಯುರೋಪುಗಳಲ್ಲಿ ಫ್ಲೂ ಏರುವುದು ಡಿಸೆಂಬರಿನಿಂದ ಫೆಬ್ರವರಿಯ ನಡುವೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಜ್ಞರನ್ನು ಕೂಡಿಸಿ, ಮುಂದಿನ ಲಸಿಕೆಯಲ್ಲಿ ಯಾವ ಯಾವ ತಳಿಯ ವೈರಸ್ ಇರಬೇಕೆಂದು ತೀರ್ಮಾನಿಸುತ್ತದೆ. ಉತ್ತರಾರ್ಧಗೋಳದ ತೀರ್ಮಾನ ಫೆಬ್ರವರಿಯಲ್ಲಿ, ದಕ್ಷಿಣಾರ್ಧಗೋಳದ್ದು ಸೆಪ್ಟೆಂಬರಿನಲ್ಲಿ. ಅಲ್ಲಿಂದ ಸೀಸೆ ಅಂಗಡಿಗೆ ಬರಲು ಸುಮಾರು ಆರು ತಿಂಗಳು ಬೇಕು. ಹಾಗಾಗಿ ಉತ್ತರದ ಸರಕು ಆಗಸ್ಟ್–ಸೆಪ್ಟೆಂಬರಿಗೆ ಸಿದ್ಧ. ಶಿಕಾಗೋದ ಅಜ್ಜ ಅಕ್ಟೋಬರಿನಲ್ಲಿ ತೋಳು ಚಾಚಿದರೆ ಅವರ ಚಳಿಗೆ ಅದು ಸರಿಯಾದ ಹೊತ್ತು. ಭೂಪಟದಲ್ಲಿ ನಾವೂ ಭೂಮಧ್ಯರೇಖೆಯ ಉತ್ತರಕ್ಕೇ ಇದ್ದೇವೆ ಎಂಬ ಒಂದೇ ಕಾರಣಕ್ಕೆ ಆ ವೇಳಾಪಟ್ಟಿ ಹಾಗೆಯೇ ಇಲ್ಲಿಗೆ ಇಳಿದುಬಿಟ್ಟಿತು.

ನಮ್ಮ ಫ್ಲೂಗೆ ಮಾತ್ರ ಮಳೆಯ ನಂಟು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ದೇಶದ ಬೇರೆ ಬೇರೆ ಊರುಗಳ ಹಲವು ವರ್ಷಗಳ ಮಾದರಿಗಳನ್ನು ಜೋಡಿಸಿ ನೋಡಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹುತೇಕ ಊರುಗಳಲ್ಲಿ ಫ್ಲೂ ತುತ್ತತುದಿ ಮುಟ್ಟುವುದು ಜುಲೈನಿಂದ ಸೆಪ್ಟೆಂಬರಿನವರೆಗೆ. ವೆಲ್ಲೂರಿನಲ್ಲಿ ಹಿಂಗಾರಿನ ಜೊತೆ, ಅಕ್ಟೋಬರ್–ನವೆಂಬರಿನಲ್ಲಿ. ಯುರೋಪಿನಂತೆ ಚಳಿಗಾಲದಲ್ಲಿ ಏರುವುದು ಶ್ರೀನಗರದಲ್ಲಿ ಮಾತ್ರ. ಮುಂಗಾರನ್ನು ನಂಬಿರುವ ಕಡೆಗಳಿಗೆ ಅವರು ಸೂಚಿಸಿದ ಲಸಿಕೆಯ ಕಾಲ ಏಪ್ರಿಲ್–ಮೇ. ಅಂದರೆ ನಮ್ಮ ಲೆಕ್ಕದಲ್ಲಿ ಅಶ್ವಿನಿ, ಭರಣಿ ಮಳೆಗಳ ಹೊತ್ತು, ತಡವೆಂದರೆ ಕೃತ್ತಿಕೆ. ರೋಹಿಣಿ ಮುಗಿದು ಮೃಗಶಿರಾ ಹಿಡಿಯುವ ಹೊತ್ತಿಗೆ ಶಾಲೆಗಳು ತೆರೆದಿರುತ್ತವೆ. ಮೊಮ್ಮಕ್ಕಳು ಒಬ್ಬರಿಂದೊಬ್ಬರಿಗೆ ಕೆಮ್ಮು ಹಂಚಿಕೊಂಡು ಸಂಜೆ ಮನೆಗೆ ಬಂದು ಅಜ್ಜಿಯ ಮಡಿಲಿಗೇ ಬೀಳುತ್ತಾರೆ. ಜಡಿಮಳೆ ಹಿಡಿದರೆ ಕಿಟಕಿಗಳೂ ಮುಚ್ಚುತ್ತವೆ. ಮಳೆಯಲ್ಲಿ ನೆನೆದದ್ದಕ್ಕೇ ಜ್ವರ ಬಂತು ಎಂದು ನಾವು ಕೊಡೆಯನ್ನು ಬೈಯುತ್ತಾ ಕೂರುತ್ತೇವೆ.

ಒಂದೆರಡು ತಿಂಗಳು ಆಚೀಚೆಯಾದರೆ ಏನಂತೆ ಎಂದು ಕೇಳುವವರಿದ್ದಾರೆ. ಎಳೆಯರ ವಿಷಯದಲ್ಲಿ ಈ ಪ್ರಶ್ನೆಗೆ ಒಂದಿಷ್ಟು ಬೆಲೆಯಿದೆ, ಎಪ್ಪತ್ತರವರ ವಿಷಯದಲ್ಲಿ ಕಡಿಮೆ. ಸೂಜಿ ಚುಚ್ಚಿದ ಮೇಲೆ ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು. ಆಮೇಲೆ ಅದು ತಿಂಗಳಿಂದ ತಿಂಗಳಿಗೆ ಸವೆಯುತ್ತಾ ಹೋಗುತ್ತದೆ. ವಯಸ್ಸಾದ ದೇಹ ಮೊದಲೇ ಕಡಿಮೆ ಪ್ರತಿಕಾಯ ತಯಾರಿಸುತ್ತದೆ, ತಯಾರಿಸಿದ್ದು ಬೇಗ ಇಳಿಯುತ್ತದೆ ಕೂಡ. ಅಮೆರಿಕದ ಸಿಡಿಸಿ ಸಂಸ್ಥೆ 65 ದಾಟಿದವರಿಗೆ ಸಾಮಾನ್ಯವಾಗಿ ಜುಲೈ, ಆಗಸ್ಟಿನಲ್ಲಿ ಫ್ಲೂ ಲಸಿಕೆ ಬೇಡ, ಸೆಪ್ಟೆಂಬರ್ ಬರಲಿ ಎನ್ನುವುದು ಇದೇ ಕಾರಣಕ್ಕೆ. ಅವರು ಎರಡು ತಿಂಗಳ ಸವಕಳಿಗೇ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಕ್ಲಬ್‌ಹೌಸಿನಲ್ಲಿ ಅಕ್ಟೋಬರಿಗೆ ಹಾಕಿಸಿಕೊಂಡ ಲಸಿಕೆ ಮುಂದಿನ ಜುಲೈಗೆ ಒಂಬತ್ತು ತಿಂಗಳು ಹಳೆಯದಾಗಿರುತ್ತದೆ. ಪ್ರತಿ ವರ್ಷ ತಪ್ಪದೆ ಅಕ್ಟೋಬರಿನಲ್ಲೇ ಹಾಕಿಸಿಕೊಳ್ಳುವ ಶಿಸ್ತಿನ ಮನುಷ್ಯರು ಪ್ರತಿ ಮಳೆಗಾಲವನ್ನೂ ಸವೆದ ರಕ್ಷಣೆಯಲ್ಲೇ ಎದುರಿಸುತ್ತಾರೆ. ಆಮೇಲೆ ಆಗಸ್ಟಿನಲ್ಲಿ ಮಲಗಿದಾಗ ‘ಸಾವಿರಾರು ರೂಪಾಯಿ ಕೊಟ್ಟು ಚುಚ್ಚಿಸಿಕೊಂಡರೂ ಬಂತಲ್ಲ’ ಎನ್ನುತ್ತಾರೆ. ಅಕ್ಕಪಕ್ಕದ ನಾಲ್ಕು ಮನೆಯವರು ಅದನ್ನು ಕೇಳಿಸಿಕೊಂಡು ಲಸಿಕೆಯ ಆಸೆಯನ್ನೇ ಬಿಡುತ್ತಾರೆ. ತಪ್ಪು ತಿಂಗಳ ಶಿಬಿರದಿಂದ ಆಗುವ ದೊಡ್ಡ ನಷ್ಟ ಇದು ಎಂದು ನನಗನ್ನಿಸುತ್ತದೆ.

ಅಕ್ಟೋಬರ್ ಪಕ್ಷದವರ ವಾದ ಪೂರ್ತಿ ಟೊಳ್ಳಲ್ಲ. ನಮ್ಮಲ್ಲಿ ಚಳಿಯ ಕೊನೆಗೂ ಒಂದು ಅಲೆ ಏಳುವುದುಂಟು. 2015ರ ಜನವರಿಯಿಂದ ಮಾರ್ಚ್‌ವರೆಗೆ ಎಚ್1ಎನ್1 ದೇಶವನ್ನೇ ನಡುಗಿಸಿತು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಸುದ್ದಿಯಾದಾಗ, ಅದರಿಂದ ಕರ್ನಾಟಕದಲ್ಲಿ ಆದ ಮೊದಲ ಸಾವು ಎಂದು ವರದಿಯಾದದ್ದು ಹಾಸನ ಜಿಲ್ಲೆಯ ಒಬ್ಬ ವೃದ್ಧರದು. ಮೇ ತಿಂಗಳ ಲಸಿಕೆ ಮರುವರ್ಷದ ಮಾರ್ಚ್‌ಗೆ ಹತ್ತು ತಿಂಗಳು ಹಳತು, ಆಗ ಅದೂ ಸವೆದೇ ಇರುತ್ತದೆ. ಹಾಗಾದರೆ ವರ್ಷಕ್ಕೆ ಎರಡು ಬಾರಿ ಚುಚ್ಚಿಸಿಕೊಳ್ಳಬೇಕೆ? ಹಿರಿಯರಿಗೆ ವರ್ಷಕ್ಕೊಂದು ಡೋಸ್ ಎಂಬುದೇ ರೂಢಿಯಲ್ಲಿರುವ ಶಿಫಾರಸು. ಶ್ವಾಸಕೋಶದ ಹಳೆಯ ಕಾಯಿಲೆ, ಕಿಡ್ನಿ ಕಸಿ, ಕ್ಯಾನ್ಸರ್ ಚಿಕಿತ್ಸೆ ಇರುವವರ ಲೆಕ್ಕ ಬೇರೆ. ಅದನ್ನು ಅವರ ವೈದ್ಯರೇ ಹೇಳಬೇಕು. ಉಳಿದವರು ಎರಡು ಅಲೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಚಳಿಯ ಅಲೆ ಕೆಲವು ವರ್ಷ ಜೋರು, ಕೆಲವು ವರ್ಷ ಸಪ್ಪೆ. ಮುಂಗಾರಿನದು ಹೆಚ್ಚು ನೆಚ್ಚಬಹುದಾದದ್ದು. ನನ್ನ ಓಟು ಮಳೆಗೆ.

ಮೇ ತಿಂಗಳೆಂದು ನಿಶ್ಚಯಿಸಿದ ಮೇಲೆ ಇನ್ನೊಂದು ತೊಡಕಿದೆ, ಇದರ ಬಗ್ಗೆ ಶಿಬಿರದ ಪೋಸ್ಟರುಗಳು ಚಕಾರ ಎತ್ತುವುದಿಲ್ಲ. ಬೇಸಿಗೆಯಲ್ಲಿ ಔಷಧದಂಗಡಿಯ ಫ್ರಿಜ್ಜಿನಲ್ಲಿ ಎರಡು ಬಗೆಯ ಡಬ್ಬಿ ಇರಬಹುದು. ಹಿಂದಿನ ಚಳಿಗಾಲಕ್ಕೆಂದು ಬಂದು ಉಳಿದ ಉತ್ತರಾರ್ಧಗೋಳದ ಸರಕು ಒಂದು, ಅದರ ಅವಧಿ ಮುಗಿಯಲು ಬಂದಿರುತ್ತದೆ. ಆಗಷ್ಟೇ ಬಂದ ದಕ್ಷಿಣಾರ್ಧಗೋಳದ್ದು ಇನ್ನೊಂದು. ಕೆಲವು ವರ್ಷ ಎರಡರೊಳಗಿನ ತಳಿಗಳು ಒಂದೇ ಆಗಿರುತ್ತವೆ, ಕೆಲವು ವರ್ಷ ಬೇರೆ. ಡಬ್ಬಿಯ ಮೇಲೆ ಎನ್‌ಎಚ್ (ಉತ್ತರದ್ದು) ಅಥವಾ ಎಸ್‌ಎಚ್ (ದಕ್ಷಿಣದ್ದು) ಎಂದೂ ವರ್ಷವನ್ನೂ ಅಚ್ಚು ಹಾಕಿರುತ್ತಾರೆ. ಮದುವೆ ಸೀರೆಯ ಜರಿಯನ್ನು ತಿರುಗಿಸಿ ಮುರುಗಿಸಿ ನೋಡುವ ನಮ್ಮ ಹಿರಿಯರು ಈ ಡಬ್ಬಿಯನ್ನು ಒಮ್ಮೆ ಕೈಗೆತ್ತಿಕೊಂಡು ಓದುವುದಿಲ್ಲ. ಕೇಳಿದರೆ ಕಾಂಪೌಂಡರ್ ಬೇಸರಪಟ್ಟುಕೊಂಡಾನೆಂಬ ಸಂಕೋಚ. ಬೇಸರಪಟ್ಟುಕೊಳ್ಳಲಿ ಬಿಡಿ. ಜೊತೆಗೆ ಕರೆಂಟು ಹೋದಾಗ ಆ ಫ್ರಿಜ್ಜಿನ ಗತಿ ಏನೆಂದೂ ಕೇಳಬಹುದು. ಈ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು.

ಡಬ್ಬಿಯ ಮೇಲೆ ನಾಲ್ಕು ತಳಿಯದೇ ಬೇಕು, ಮೂರರದ್ದು ಹಳೇ ಮಾಲು ಎಂದು ಹಟ ಹಿಡಿಯುವವರಿಗೆ ಒಂದು ಸುದ್ದಿ. ನಾಲ್ಕನೆಯದಾದ ಬಿ/ಯಮಗಾಟಾ ವಂಶದ ವೈರಸ್ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಖಚಿತವಾಗಿ ಪತ್ತೆಯೇ ಆಗಿಲ್ಲ. ಅದನ್ನು ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿತು.

ಈಗ ವಿದೇಶದ ಮಕ್ಕಳ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ–ಅಮ್ಮನ ಲಸಿಕೆಯ ತಿಂಗಳನ್ನು ನಿಶ್ಚಯಿಸುವುದು ನ್ಯೂಜೆರ್ಸಿಯ ಮಗ. ಅವನ ಆಫೀಸಿನಲ್ಲಿ ಅಕ್ಟೋಬರಿಗೆ ಫ್ಲೂ ಶಾಟ್ ಹಾಕುತ್ತಾರೆ, ಅಂದೇ ರಾತ್ರಿ ಮೈಸೂರಿಗೆ ಫೋನು ಬರುತ್ತದೆ: ನೀವೂ ಹಾಕಿಸಿಕೊಳ್ಳಿ. ಮಗನ ಕಾಳಜಿ ನಿಜ, ಅವನು ನೋಡುವ ಕ್ಯಾಲೆಂಡರು ಅವನ ಊರಿನದು. ಮೆಲ್ಬರ್ನಿನಲ್ಲಿರುವ ಮಗಳಿಂದ ಇದೇ ಫೋನು ಬರುವುದು ಏಪ್ರಿಲಿನಲ್ಲಿ, ಏಕೆಂದರೆ ಅಲ್ಲಿನ ಚಳಿ ಜೂನಿಗೆ ಶುರು. ಆಸ್ಟ್ರೇಲಿಯಾದ ಸರ್ಕಾರ 65 ದಾಟಿದ ತನ್ನವರಿಗೆ ಫ್ಲೂ ಲಸಿಕೆಯನ್ನು ಪುಕ್ಕಟೆ ಕೊಡುತ್ತದೆ. ಅದರಲ್ಲೂ ಮುದಿ ದೇಹವನ್ನು ಎಚ್ಚರಿಸಲೆಂದೇ ಪೂರಕ ದ್ರವ್ಯ ಸೇರಿಸಿದ ಬಗೆಯದನ್ನು. ತಮಾಷೆಯೆಂದರೆ ಮೈಸೂರಿನ ಅಪ್ಪನಿಗೆ ನ್ಯೂಜೆರ್ಸಿಗಿಂತ ಮೆಲ್ಬರ್ನಿನ ಕರೆಯೇ ಸರಿಹೊಂದುತ್ತದೆ. ಮೇ ತಿಂಗಳಲ್ಲಿ ಅಮೆರಿಕಕ್ಕೆ ಹಾರಿ ಆರು ತಿಂಗಳಿದ್ದು ದೀಪಾವಳಿಯ ಹೊತ್ತಿಗೆ ಮರಳುವ ಹಿರಿಯರದು ಇನ್ನೊಂದು ಬಗೆ. ಅವರು ನಮ್ಮ ಮಳೆಗಾಲವನ್ನೂ ತಪ್ಪಿಸಿಕೊಳ್ಳುತ್ತಾರೆ, ಅಲ್ಲಿನ ಚಳಿಯನ್ನೂ ತಪ್ಪಿಸಿಕೊಳ್ಳುತ್ತಾರೆ. ಅಂಥವರು ವಾಪಸು ಬರುವ ಮುನ್ನ, ಸೆಪ್ಟೆಂಬರ್ ಕೊನೆಗೆ ಅಲ್ಲೇ ಹಾಕಿಸಿಕೊಂಡು ಬಂದರೆ ಇಲ್ಲಿನ ಜನವರಿ–ಮಾರ್ಚ್‌ನ ಅಲೆಗಾದರೂ ಆದೀತು. ಅಮೆರಿಕದಲ್ಲಿ 65 ದಾಟಿದವರಿಗೆ ನಾಲ್ಕು ಪಟ್ಟು ಪ್ರತಿಜನಕವಿರುವ ಹೈ–ಡೋಸ್ ಲಸಿಕೆಯೂ ಸಿಗುತ್ತದೆ. ಸುಮಾರು 32,000 ಹಿರಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಮಾಮೂಲಿಗಿಂತ ಶೇಕಡಾ 24ರಷ್ಟು ಹೆಚ್ಚು ಪರಿಣಾಮಕಾರಿಯಾಗಿತ್ತು.

ಇಷ್ಟೆಲ್ಲ ಚರ್ಚೆ ಒಂದು ನೆಗಡಿಗೋಸ್ಕರವೇ ಎಂದು ಮೂಗು ಮುರಿಯುವ ಹಿರಿಯರಿಗೆ ನಾನು ಹೇಳುವುದು ಎದೆಯ ವಿಷಯ. ಕೆನಡಾದ ಆಂಟೇರಿಯೊ ಪ್ರಾಂತದ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು. ಮಳೆಗಾಲದಲ್ಲಿ ನಾಲ್ಕು ದಿನ ಜ್ವರ ಬಂದು, ಐದನೆಯ ದಿನ ‘ಹಾರ್ಟ್ ಅಟ್ಯಾಕ್’ ಆಗಿ ಹೋದರು ಎಂದು ನಾವು ತಿಥಿಯ ಊಟದಲ್ಲಿ ಮಾತಾಡಿಕೊಳ್ಳುವ ಸಾವುಗಳಲ್ಲಿ ಜ್ವರಕ್ಕೆ ಯಾರೂ ಲೆಕ್ಕ ಬರೆಯುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆ ಚೀಟಿಯಲ್ಲಿ ಆ್ಯಸ್ಪಿರಿನ್ ಇರುತ್ತದೆ, ಕೊಬ್ಬಿಳಿಸುವ ಗುಳಿಗೆ ಇರುತ್ತದೆ, ದಿನಕ್ಕೆ ಎಷ್ಟು ನಡೆಯಬೇಕೆಂದೂ ಇರುತ್ತದೆ. ಮೇ ತಿಂಗಳ ಲಸಿಕೆ ಇರುವುದು ಅಪರೂಪ. ಶಿಬಿರ ನಡೆಸುವವರಿಗಿಂತ ಈ ವಿಷಯದಲ್ಲಿ ನನ್ನ ಸಿಟ್ಟು ಚೀಟಿ ಬರೆಯುವವರ ಮೇಲೆ. ರೋಗಿ ಕೇಳಿದರೆ ‘ಹಾಕಿಸಿಕೊಳ್ಳಬಹುದು’ ಎನ್ನುತ್ತಾರೆ, ಕೇಳದಿದ್ದರೆ ಸುಮ್ಮನಿರುತ್ತಾರೆ.

ತಿಂಗಳ ಬಗ್ಗೆ ಇಷ್ಟು ವಾದ ಮಾಡುವುದೂ ಒಂದು ರೀತಿಯಲ್ಲಿ ಉಳ್ಳವರ ಚಟ ಎಂದು ಯಾರಾದರೂ ಚುಚ್ಚಿದರೆ ತಲೆಬಾಗುತ್ತೇನೆ. 2017–18ರಲ್ಲಿ ನಡೆದ ದೇಶದ ಹಿರಿಯರ ದೊಡ್ಡ ಸಮೀಕ್ಷೆಯಲ್ಲಿ, 45 ದಾಟಿದವರ ಪೈಕಿ ಫ್ಲೂ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಮಗುವಿನ ಪೋಲಿಯೊ ಹನಿಗೆ ಮನೆಬಾಗಿಲಿಗೆ ಬರುವ ವ್ಯವಸ್ಥೆ, ಅಜ್ಜಿಯ ಫ್ಲೂ ಲಸಿಕೆಗೆ ಬರುವುದಿಲ್ಲ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗವಿಲ್ಲ. ಖಾಸಗಿಯಲ್ಲಿ ಒಂದು ಡೋಸಿಗೆ ಒಂದೂವರೆ–ಎರಡು ಸಾವಿರದ ಆಸುಪಾಸು. ಗಂಡ–ಹೆಂಡತಿ ಇಬ್ಬರಿಗೆ, ಅದೂ ಪ್ರತಿ ವರ್ಷ ಎಂದರೆ, ವೃದ್ಧಾಪ್ಯ ವೇತನದಲ್ಲಿ ಬದುಕುವವರಿಗೆ ಅದು ಆಗದ ಮಾತು. ಸರ್ಕಾರ ಎಂದಾದರೂ ಇದನ್ನು ಕೈಗೆತ್ತಿಕೊಂಡು ಅಕ್ಟೋಬರಿನಲ್ಲಿ ಹಂಚಿತೆಂದರೆ ಮಾತ್ರ ನನ್ನ ತಕರಾರು ಉಳ್ಳವರ ಚಟವಾಗಿ ಉಳಿಯುವುದಿಲ್ಲ.

ಈಚೆಗೆ ‘ಸೀನಿಯರ್ ಸಿಟಿಜನ್ ಪ್ಯಾಕೇಜ್’ ಎಂಬ ಹೊಸ ಚಾಳಿ ಬಂದಿದೆ: ಫ್ಲೂ, ನ್ಯುಮೋಕಾಕಲ್, ಸರ್ಪಸುತ್ತು ಎಲ್ಲವನ್ನೂ ಒಂದೇ ರಿಯಾಯಿತಿ ದರದಲ್ಲಿ ಕಟ್ಟಿ ಮಾರುವುದು. ಒಂದೇ ದಿನ ಎರಡು ಲಸಿಕೆ ಹಾಕಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ಅಪಾಯವಿಲ್ಲ. ನನ್ನ ಆಕ್ಷೇಪ ಬೇರೆ. ನ್ಯುಮೋಕಾಕಲ್ ಲಸಿಕೆಗಾಗಲಿ ಸರ್ಪಸುತ್ತಿನ ಲಸಿಕೆಗಾಗಲಿ ಋತುವಿಲ್ಲ, ಪ್ರತಿ ವರ್ಷ ಬೇಕಾಗಿಯೂ ಇಲ್ಲ. ಮೂರನ್ನೂ ಒಂದೇ ಕಟ್ಟಿಗೆ ಸೇರಿಸಿದಾಗ ಅವುಗಳಿಗಾಗಿ ಅಕ್ಟೋಬರ್‌ವರೆಗೆ ಕಾಯುವವರು ಹುಟ್ಟಿಕೊಳ್ಳುತ್ತಾರೆ. ಫ್ಲೂವನ್ನೂ ಒಮ್ಮೆ ಹಾಕಿಸಿದರೆ ಮುಗಿಯಿತು ಎನ್ನುವವರೂ ಹುಟ್ಟಿಕೊಳ್ಳುತ್ತಾರೆ.

ಹೊತ್ತಿನ ಚರ್ಚೆ ಗಂಟೆಯ ಮಟ್ಟಕ್ಕೂ ಇಳಿದಿದೆ. ಬರ್ಮಿಂಗ್‌ಹ್ಯಾಮಿನಲ್ಲಿ 65 ದಾಟಿದ 276 ಮಂದಿಗೆ ಬೆಳಿಗ್ಗೆ ಅಥವಾ ಮಧ್ಯಾಹ್ನ ಲಸಿಕೆ ಹಾಕಿ ನೋಡಿದಾಗ, ಮೂರು ತಳಿಗಳ ಪೈಕಿ ಎರಡಕ್ಕೆ ಬೆಳಗಿನವರಲ್ಲಿ ಪ್ರತಿಕಾಯ ಹೆಚ್ಚು ಕಂಡಿತು. 2016ರಲ್ಲಿ ಬಂದ ವರದಿ. ಅಷ್ಟಕ್ಕೇ ಜೋಯಿಸರಂತೆ ಮುಹೂರ್ತ ಹುಡುಕುತ್ತಾ ಕೂರಬೇಕಿಲ್ಲ. ಆದರೂ ಕಾಫಿ ಕುಡಿದು ವಾಕಿಂಗ್ ಮುಗಿಸಿ ಹೇಗೂ ಬೆಳಿಗ್ಗೆಯೇ ಹೊರಡುವವರಿಗೆ ಇದರಲ್ಲಿ ಕಳೆದುಕೊಳ್ಳುವುದೇನಿಲ್ಲ. ಅಂದು ಜ್ವರ ಜೋರಾಗಿದ್ದರೆ ಮುಂದೂಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಚುಚ್ಚುವ ಮೊದಲು ಅದನ್ನು ಹೇಳಿ, ಆಮೇಲೆ ಎರಡು ನಿಮಿಷ ಹತ್ತಿ ಒತ್ತಿ ಹಿಡಿದುಕೊಂಡರೆ ಆಯಿತು.

ಮೇ ತಿಂಗಳು ಮದುವೆ–ಮುಂಜಿಗಳಲ್ಲಿ ಕಳೆದುಹೋಗಿ, ಆಷಾಢದಲ್ಲಿ ನೆನಪಾದವರೂ ಇದ್ದಾರೆ. ಅವರು ಮುಂದಿನ ಏಪ್ರಿಲ್‌ವರೆಗೆ ಕಾಯಬಾರದು. ಜುಲೈನಲ್ಲಿ ಎಸ್‌ಎಚ್ ಡಬ್ಬಿ ಇನ್ನೂ ಸಿಕ್ಕರೆ ಅದನ್ನೇ ಹಾಕಿಸಿಕೊಳ್ಳಲಿ, ಆಗಸ್ಟ್–ಸೆಪ್ಟೆಂಬರಿಗೂ ಅಲೆ ಇಳಿದಿರುವುದಿಲ್ಲ. ಅದೂ ತಪ್ಪಿ ಅಕ್ಟೋಬರ್ ಬಂದೇಬಿಟ್ಟರೆ ಕ್ಲಬ್‌ಹೌಸಿನ ಶಿಬಿರಕ್ಕೆ ಹೋಗಿ ಹೊಸ ಎನ್‌ಎಚ್ ಡೋಸ್ ಹಾಕಿಸಿಕೊಳ್ಳಲಿ. ಜನವರಿಯ ಅಲೆಗೆ ಅದು ಸಾಕು. ಮರುವರ್ಷದ ಮೇಗೆ ಏಳು ತಿಂಗಳಷ್ಟೇ ಆಗಿರುತ್ತದೆ, ಹೊಸ ಹಂಗಾಮಿನ ಎಸ್‌ಎಚ್ ಡೋಸನ್ನು ಅಷ್ಟು ಬೇಗ ಹಾಕಬಹುದೇ ಎಂದು ಅಲ್ಲೇ ವೈದ್ಯರನ್ನು ಕೇಳಿ, ಹೌದೆಂದರೆ ಅಂದೇ ಮೇ ತಿಂಗಳ ದಿನವನ್ನೂ ಗೊತ್ತುಮಾಡಿಕೊಂಡು ಬರಲಿ.